ಸಾಣೆಕಲ್ಲು ಆರಿಸುವ ಬಗೆ



ಸುಗ್ಗಿ ಹತ್ತಿರ ಬಂತೆಂದರೆ ನಾವು ಕಣ ಸಾರಿಸುತ್ತೇವೆ, ಚೀಲಗಳ ತೂತು ಹೊಲಿಯುತ್ತೇವೆ, ಆಳುಗಳಿಗೆ ಮೊದಲೇ ಹೇಳಿ ಇಡುತ್ತೇವೆ. ಕುಡಗೋಲನ್ನು ಮಾತ್ರ ಕೊಯ್ಲಿನ ದಿನ ಬೆಳಿಗ್ಗೆ ನೆನೆಯುತ್ತೇವೆ. ಹೋದ ವರ್ಷ ಎಲ್ಲಿ ಸಿಕ್ಕಿಸಿದ್ದೆವೋ ಅಲ್ಲಿಂದ ತೆಗೆದು, ಮನೆಯ ಮೆಟ್ಟಿಲಿಗೆ ನಾಲ್ಕು ಸಲ ಎಳೆದು, ಹೊಲದ ದಾರಿ ಹಿಡಿಯುತ್ತೇವೆ. ಬೀಜ, ಗೊಬ್ಬರ, ನೀರು ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರೆಯುವುದುಂಟು. ಈ ಸಲ ಒಂದು ಸಣ್ಣ ವಸ್ತುವಿನ ಮಾತು ಹೇಳುತ್ತೇನೆ. ಅದು ಮಸೆಯುವ ಕಲ್ಲು. ಒಳ್ಳೆಯ ಸಾಣೆಕಲ್ಲನ್ನು ಗುರುತಿಸುವುದು ಹೇಗೆ, ಆರಿಸುವುದು ಹೇಗೆ, ಕಾಪಾಡುವುದು ಹೇಗೆ ಎಂಬುದೇ ಈ ಪಾಠ.

ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲಿಗೆ ದೊಡ್ಡ ಯಂತ್ರಗಳು ಬಂದಿವೆ, ಇನ್ನು ಕುಡಗೋಲೇಕೆ ಎಂದು ಕೆಲವರು ಕೇಳಬಹುದು. ಯಂತ್ರ ತಿರುಗದ ಮೂಲೆ ಪ್ರತಿ ಗದ್ದೆಯಲ್ಲೂ ಇರುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಜೋಳ, ಸಜ್ಜೆ, ಬದುವಿನ ಹುಲ್ಲು, ದನದ ಮೇವು, ಹೊಲದ ಸೊಪ್ಪು, ತೋಟದ ಸವರಿಕೆ, ಅಡಿಗೆ ಮನೆಯ ಈಳಿಗೆ ಇವೆಲ್ಲ ಇಂದಿಗೂ ಕೈಯ ಕೆಲಸಗಳೇ. ಕೈ ಇರುವ ತನಕ ಅಲಗು ಇರುತ್ತದೆ. ಅಲಗು ಇರುವ ತನಕ ಕಲ್ಲು ಬೇಕು.

ನನ್ನ ತಪ್ಪು, ನನ್ನ ಪಾಠ

ಗ್ರಾಮಸೇವಕನಾಗಿ ಈ ಕಡೆಗೆ ಬಂದ ಮೊದಲ ವರ್ಷದ ಮಾತು. ಹುಲಿಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಒಂದು ಮನೆಯವರ ಸಾಣೆಕಲ್ಲನ್ನು ನೋಡಿದೆ. ಮಾಸಿದ ಕೆಂಪು ಬಣ್ಣ, ನಡುವೆ ತಗ್ಗು, ಒಂದು ಮೂಲೆ ಮುರಿದಿತ್ತು. ಕೃಷಿ ಡಿಪ್ಲೊಮಾ ಓದಿ ಬಂದವನೆಂಬ ಬಿಂಕ ನನಗೆ. “ಈ ಹಳೆಯ ಕಲ್ಲನ್ನು ಬಿಸಾಡಿ, ಹೊಸದು ತರೋಣ” ಎಂದು ಹೇಳಿ, ಸಂತೆಯಿಂದ ಬೆಳ್ಳಗೆ ಹೊಳೆಯುವ ನುಣುಪಾದ ಒಂದು ಕಲ್ಲನ್ನು ನಾನೇ ಕೊಂಡುತಂದು ಕೊಟ್ಟೆ. ಮನೆಯ ಹಿರಿಯ ತಾಯಿ ಏನೂ ಅನ್ನಲಿಲ್ಲ. ಹಳೆಯದನ್ನು ಮಾತ್ರ ಒಳಗೆ ಎತ್ತಿಟ್ಟರು.

ಜೋಳದ ಕೊಯ್ಲಿನ ಎರಡನೆಯ ದಿನ ಅವರ ಹೊಲದಲ್ಲಿ ಕೊಯ್ಯುತ್ತಿದ್ದ ಒಬ್ಬ ಹೆಣ್ಣುಮಗಳ ಕುಡಗೋಲು ದಂಟಿಗೆ ಹತ್ತದೆ ಜಾರಿತು. ದಂಟು ಹಿಡಿದಿದ್ದ ಎಡಗೈಯ ಕಿರುಬೆರಳು ಸೀಳಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂರು ಹೊಲಿಗೆ ಬಿದ್ದವು. ಸುಗ್ಗಿಯ ಹತ್ತು ದಿನದ ಕೂಲಿ ಆ ಮನೆಗೆ ಇಲ್ಲವಾಯಿತು. ಅಂದು ಆ ಕುಡಗೋಲನ್ನು ಮಸೆದದ್ದು ನಾನು ತಂದ ಕಲ್ಲಿನ ಮೇಲೆ.

ಸಂಜೆ ಆ ಹಿರಿಯ ತಾಯಿ ಒಳಗಿನಿಂದ ಹಳೆಯ ಕಲ್ಲನ್ನು ತಂದು, ಒಂದು ತಂಬಿಗೆ ನೀರಿಟ್ಟುಕೊಂಡು, ಅದೇ ಕುಡಗೋಲನ್ನು ಮಸೆಯಲು ಕುಳಿತರು. “ಯಪ್ಪಾ, ಕಲ್ಲು ಬೆಳ್ಳಗಿದ್ರ ಏನಾತು? ಕಬ್ಬಣಕ್ಕ ಹತ್ತಬೇಕಲ್ಲ? ಈ ಕಲ್ಲು ನಮ್ಮ ತವರಿನ ಕಡೀದು, ಬಾದಾಮಿ ಗುಡ್ಡದ್ದು. ನೋಡು, ನೀರು ಹೆಂಗ ಕರ್ರಗಾಗತೈತಿ” ಎಂದರು. ನಿಜವಾಗಿ ಕಲ್ಲಿನ ಮೇಲಿನ ನೀರು ಕಪ್ಪಾಗುತ್ತ ಬಂತು. ನನ್ನ ಬಿಳಿಯ ಕಲ್ಲಿನ ಮೇಲೆ ಅದೇ ಕುಡಗೋಲನ್ನು ಎಳೆದಾಗ ನೀರು ಹಾಲಿನಂತೆ ಬೆಳ್ಳಗಾಯಿತು. ಅಂದರೆ ಒಂದು ಕಲ್ಲು ಉಕ್ಕನ್ನು ತಿನ್ನುತ್ತಿತ್ತು. ಇನ್ನೊಂದು ಕಲ್ಲನ್ನು ಉಕ್ಕೇ ತಿನ್ನುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾನು ಕಲ್ಲಿನಿಂದ ಕಲಿತೆ. ಮುಂದೆ ಹೇಳುವುದರಲ್ಲಿ ಅರ್ಧ ಪುಸ್ತಕದ್ದು, ಅರ್ಧ ಆ ತಾಯಿಯದು.

ಮೊಂಡು ಅಲಗಿನ ನಷ್ಟ

ಹರಿತವಾದ ಕುಡಗೋಲು ಅಪಾಯ, ಮೊಂಡಾದದ್ದು ಕ್ಷೇಮ ಎಂದು ತಿಳಿದವರಿದ್ದಾರೆ. ಇದು ತಪ್ಪು. ಹರಿತವಾದ ಅಲಗು ಇಟ್ಟಲ್ಲಿ ಹತ್ತುತ್ತದೆ, ಸ್ವಲ್ಪ ಎಳೆತಕ್ಕೆ ಕೊಯ್ಯುತ್ತದೆ. ಮೊಂಡಾದದ್ದಕ್ಕೆ ಬಲ ಹಾಕಬೇಕು. ಬಲ ಹಾಕಿದಾಗ ಅದು ಜಾರುತ್ತದೆ, ಜಾರಿದ್ದು ಕೈಗೇ ಬರುತ್ತದೆ.

ಬೆಳೆಗೂ ನಷ್ಟವುಂಟು. ಮೊಂಡು ಕುಡಗೋಲಿನಿಂದ ಜಗ್ಗಿದಾಗ ಬಲಿತ ಭತ್ತದ ತೆನೆ ಅಲುಗಾಡಿ ಕಾಳು ಗದ್ದೆಯಲ್ಲೇ ಉದುರುತ್ತದೆ. ಜೋಳದ ದಂಟು ಬೇರು ಸಹಿತ ಕಿತ್ತು ಬಂದು ಮೇವಿನಲ್ಲಿ ಮಣ್ಣು ಸೇರುತ್ತದೆ. ಗಿಡದ ಕೊಂಬೆ ಸವರುವಾಗ ತೊಗಟೆ ಸೀಳಿ ಗಾಯ ಬೇಗ ಮಾಯುವುದಿಲ್ಲ, ಅಲ್ಲಿ ರೋಗ ಹೊಗುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ದಿನವಿಡೀ ಬಗ್ಗಿ ಕೊಯ್ಯುವವರ ಮಣಿಕಟ್ಟು, ಭುಜ, ಸೊಂಟ ನೋಯುತ್ತವೆ. ಕೊಯ್ಯುವವರಲ್ಲಿ ಹೆಣ್ಣುಮಕ್ಕಳೇ ಬಹಳ. ಅವರ ಕೈಗೆ ಒಳ್ಳೆಯ ಅಲಗು ಕೊಡುವುದು ಹೊಲದ ಯಜಮಾನನ ಕರ್ತವ್ಯ.

ಕಲ್ಲು ಉಕ್ಕನ್ನು ಹೇಗೆ ತಿನ್ನುತ್ತದೆ?

ಇದನ್ನು ತಿಳಿದರೆ ಉಳಿದದ್ದೆಲ್ಲ ಸುಲಭ. ಯಾವುದು ಹೆಚ್ಚು ಗಟ್ಟಿಯೋ ಅದು ಕಡಿಮೆ ಗಟ್ಟಿಯಾದದ್ದನ್ನು ಗೀರುತ್ತದೆ. ಮೋಸ್ ಎಂಬ ಜರ್ಮನ್ ವಿದ್ವಾಂಸರು 1812ರಲ್ಲಿ ಖನಿಜಗಳ ಗಟ್ಟಿತನವನ್ನು 1ರಿಂದ 10ರ ವರೆಗೆ ಮೆಟ್ಟಿಲಾಗಿ ಜೋಡಿಸಿದರು. ಬಳಪದ ಖನಿಜ 1ನೆಯ ಮೆಟ್ಟಿಲು. ಸುಣ್ಣದ ಕಲ್ಲಿನ ಮುಖ್ಯ ಖನಿಜ 3. ವಜ್ರ 10. ನಮ್ಮ ಉಗುರು ಸುಮಾರು ಎರಡೂವರೆ. ಹದ ಮಾಡಿದ ಕುಡಗೋಲು, ಚಾಕುಗಳ ಉಕ್ಕು ಸುಮಾರು ಐದೂವರೆಯಿಂದ ಆರೂವರೆ. ಬೆಣಚುಕಲ್ಲು 7. ಹೊಳೆಯ ಮರಳಿನ ಹರಳು ಬಹುಪಾಲು ಈ ಬೆಣಚೇ. ಆದ್ದರಿಂದ ಸಾಣೆಕಲ್ಲಿನಲ್ಲಿ ಉಕ್ಕನ್ನು ಕೆರೆಯುವ ಕೆಲಸ ಮಾಡುವುದು ಬೆಣಚಿನ ಸಣ್ಣ ಹರಳು.

ಹಾಗಾದರೆ ಬೆಣಚುಕಲ್ಲಿನ ಒಂದು ತುಂಡನ್ನೇ ತಂದು ಮಸೆದರೆ ಸಾಕಲ್ಲವೇ? ಸಾಲದು. ಅದರ ಮೈ ಗಾಜಿನಂತೆ. ಅಲಗು ಅದರ ಮೇಲೆ ಜಾರಿ ಹೋಗುತ್ತದೆ. ಕೆರೆಯಲು ಸಾವಿರಾರು ಸಣ್ಣ ಹಲ್ಲುಗಳು ಬೇಕು. ಮರಳುಗಲ್ಲಿನಲ್ಲಿ ಅಂಥ ಹಲ್ಲುಗಳಿವೆ. ಅದು ಬೆಣಚಿನ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಆದ ಕಲ್ಲು.

ಇಲ್ಲಿಯೇ ಮುಖ್ಯವಾದ ಗುಟ್ಟು ಇದೆ. ಮಸೆಯುತ್ತ ಹೋದಂತೆ ಮೇಲಿನ ಹರಳಿನ ಮೊನೆ ಸವೆದು ಮೊಂಡಾಗುತ್ತದೆ. ಆಗ ಅದು ಉದುರಿ ಹೋಗಬೇಕು, ಅದರ ಕೆಳಗಿನ ಹೊಸ ಮೊನೆ ಮೇಲೆ ಬರಬೇಕು. ಅಂಟು ಬಹಳ ಬಿಗಿಯಾಗಿದ್ದರೆ ಮೊಂಡು ಹರಳು ಉದುರುವುದಿಲ್ಲ. ಕಲ್ಲಿನ ಮೈ ಮೆರುಗು ಬಂದು ಜಾರತೊಡಗುತ್ತದೆ. ಅಂಟು ಬಹಳ ಸಡಿಲವಾಗಿದ್ದರೆ ಮೊನೆ ಕೆಲಸ ಮಾಡುವ ಮೊದಲೇ ಹರಳು ಉದುರುತ್ತದೆ. ಕಲ್ಲು ಸವೆಯುತ್ತದೆ, ಅಲಗು ಹಾಗೇ ಉಳಿಯುತ್ತದೆ. ಹದಿನೈದು ಜನ ಆಳುಗಳಲ್ಲಿ ದಣಿದವನು ಕೂತು, ದಣಿಯದವನು ಎದ್ದು ಬಂದರೆ ಕೆಲಸ ಸಾಗುತ್ತದಲ್ಲವೇ? ಕಲ್ಲಿನ ಕೆಲಸವೂ ಹಾಗೆಯೇ. ಎಲ್ಲಕ್ಕಿಂತ ಗಟ್ಟಿಯಾದ ಕಲ್ಲು ಒಳ್ಳೆಯ ಸಾಣೆಕಲ್ಲಲ್ಲ. ಹರಳು ಗಟ್ಟಿ, ಎಲ್ಲ ಹರಳೂ ಒಂದೇ ಸಮ, ಅಂಟು ಹದ ಇರುವ ಕಲ್ಲೇ ಒಳ್ಳೆಯದು.

ನಮ್ಮ ಸೀಮೆಯ ಕಲ್ಲುಗಳು

ಹುಲಿಗಿ, ಮುನಿರಾಬಾದ, ಕೊಪ್ಪಳ, ಆನೆಗೊಂದಿ ಕಡೆಯ ಗುಡ್ಡಗಳು ಬಹುಮಟ್ಟಿಗೆ ಕಣಶಿಲೆ, ಅಂದರೆ ನಾವು ಗ್ರಾನೈಟ್ ಎನ್ನುವ ಕಲ್ಲು. ಒರಳು, ಬೀಸುವ ಕಲ್ಲು, ಮೆಟ್ಟಿಲು, ಕಂಬಗಳಿಗೆ ಇದು ಉತ್ತಮ. ಸಾಣೆಗೆ ಮಾತ್ರ ಮಧ್ಯಮ. ಒಂದು ತುಂಡನ್ನು ತೊಳೆದು ಬಿಸಿಲಿಗೆ ಹಿಡಿದು ನೋಡಿ. ಗಾಜಿನಂಥ ಬೆಣಚು, ಬಿಳಿ ಅಥವಾ ಗುಲಾಬಿ ಬಣ್ಣದ ಇನ್ನೊಂದು ಹರಳು, ನಡುನಡುವೆ ಹೊಳೆಯುವ ಕರಿಯ ಕಾಗೆಬಂಗಾರದ ಚೂರು ಕಾಣುತ್ತವೆ. ಮೂರರ ಗಟ್ಟಿತನವೂ ಬೇರೆ, ಗಾತ್ರವೂ ಬೇರೆ. ಮೃದುವಾದದ್ದು ಸವೆದು ತಗ್ಗಾಗುತ್ತದೆ, ಗಟ್ಟಿಯಾದದ್ದು ಉಬ್ಬಿ ನಿಂತು ಅಲಗನ್ನು ಆಳವಾಗಿ ಗೀರುತ್ತದೆ. ಮೆಟ್ಟಿಲಿಗೆ ಎಳೆದ ಕುಡಗೋಲು ಎರಡು ಸಾಲು ಕೊಯ್ಯುವಷ್ಟರಲ್ಲಿ ಮೊಂಡಾಗುವುದು ಇದರಿಂದಲೇ. ಕುಷ್ಟಗಿಯ ಆಚೆ ಇಳಕಲ್ಲಿನ ಕೆಂಪು ಕಲ್ಲೂ ಕಣಶಿಲೆಯೇ. ಕೆಂಪಗಿದೆ ಎಂದು ಅದನ್ನು ಬಾದಾಮಿ ಕಲ್ಲೆಂದು ತಿಳಿಯಬಾರದು.

ಇಳಕಲ್ಲು ದಾಟಿ ಗುಳೇದಗುಡ್ಡ, ಬಾದಾಮಿ, ಐಹೊಳೆಗಳ ಸೀಮೆಗೆ ಹೋದರೆ ಮರಳುಗಲ್ಲಿನ ಗುಡ್ಡಗಳು ಸಿಗುತ್ತವೆ. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯರು ಕೊರೆಸಿ ಮುಗಿಸಿದ್ದು ಕ್ರಿ. ಶ. 578ರಲ್ಲಿ. ಉಳಿಗೆ ಬಾಗುವಷ್ಟು ಮೃದು, ಇಷ್ಟು ಶತಮಾನ ನಿಲ್ಲುವಷ್ಟು ಗಟ್ಟಿ, ಇದು ಆ ಕಲ್ಲಿನ ಗುಣ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂಥ ಮರಳುಗಲ್ಲಿನ ತುಂಡು ಇದ್ದರೆ ಅದನ್ನು ಬಿಸಾಡಬೇಡಿ. ಆದರೂ ಮರಳುಗಲ್ಲೆಲ್ಲ ಒಂದೇ ಅಲ್ಲ. ಒಂದೇ ಗುಡ್ಡದಲ್ಲಿ ಒಂದು ಪದರ ಕೈಯಲ್ಲಿ ತಿಕ್ಕಿದರೆ ಉದುರುತ್ತದೆ. ಇನ್ನೊಂದು ಪದರ ಗಾಜಿನಷ್ಟು ಬಿಗಿಯಾಗಿರುತ್ತದೆ. ಮತ್ತೊಂದರಲ್ಲಿ ಕಡಲೆ ಗಾತ್ರದ ಹರಳುಗಳಿರುತ್ತವೆ. ಆದ್ದರಿಂದ ಊರಿನ ಹೆಸರು ನಂಬಿ ಕೊಳ್ಳಬಾರದು. ಕೈಯಲ್ಲಿ ಹಿಡಿದ ತುಂಡನ್ನೇ ಪರೀಕ್ಷೆ ಮಾಡಬೇಕು.

ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಅಡಿಗೆ ಕಟ್ಟೆಗೆ ಹಾಕುವ ಕಡಪಾ ಕಲ್ಲು ಇವು ಸುಣ್ಣದ ಕಲ್ಲಿನ ಜಾತಿ. ಅಮೃತಶಿಲೆಯೂ ಅದೇ ಜಾತಿ. ನೋಡಲು ಸಮ, ಮುಟ್ಟಲು ನುಣುಪು. ಆದರೆ ಇವುಗಳ ಹರಳು ಉಕ್ಕಿಗಿಂತ ಮೃದು. ನಾನು ತಂದ ಬಿಳಿಯ ಕಲ್ಲು ಅಮೃತಶಿಲೆಯ ತುಂಡೇ ಆಗಿತ್ತು.

ಹೊಳೆಯ ದಂಡೆಯ ಉರುಟು ಕಲ್ಲುಗಳನ್ನು ಕೆಲವರು ಆರಿಸಿ ತರುತ್ತಾರೆ. ಅವುಗಳಲ್ಲಿ ಒಳ್ಳೆಯವು ಸಿಗಬಹುದು. ನೀರು ಕಲ್ಲನ್ನು ತಿಕ್ಕಿ ತಿಕ್ಕಿ ಮೆತ್ತನೆಯ ಭಾಗವನ್ನು ಕಳೆದಿರುತ್ತದೆ. ಆದರೆ ಮೇಲಿನ ನುಣುಪು ನೋಡಿ ಮೋಸ ಹೋಗಬಾರದು, ಒಳಗಿನ ಹರಳು ನೋಡಬೇಕು. ಜಲಾಶಯದಿಂದ ನೀರು ಬಿಡುವ ಕಾಲದಲ್ಲಿ ಕಲ್ಲಿಗಾಗಿ ಹೊಳೆಗೆ ಇಳಿಯಲೇಬೇಡಿ.

ಏಳು ಪರೀಕ್ಷೆಗಳು

ಕಲ್ಲು ಕೊಳ್ಳಲು ಹೋಗುವಾಗ ಒಂದು ಸೀಸೆ ನೀರು, ಒಂದು ಕಬ್ಬಿಣದ ಮೊಳೆ, ಒಂದು ನಿಂಬೆಹಣ್ಣು, ಒಂದು ಹಳೆಯ ಚಾಕು ಜೊತೆಗಿರಲಿ.

1. ಕಣ್ಣಿನ ಪರೀಕ್ಷೆ. ಕಲ್ಲನ್ನು ತೋಯಿಸಿ ಬಿಸಿಲಿನಲ್ಲಿ ತಿರುಗಿಸಿ ನೋಡಿ. ಒಣಗಿದ್ದಾಗ ಕಾಣದ ಸೀಳು, ಗೆರೆ, ಬೇರೆ ಬಣ್ಣದ ಗಂಟು ತೋಯಿಸಿದಾಗ ಕಾಣುತ್ತವೆ. ಹರಳು ಒಂದೇ ಸಮ ಇರಬೇಕು. ಬಣ್ಣದ ಪಟ್ಟೆ ಇದ್ದರೆ ದೋಷವಲ್ಲ. ಪಟ್ಟೆಯ ಎರಡೂ ಕಡೆ ಹರಳಿನ ಗಾತ್ರ ಬೇರೆ ಇದ್ದರೆ ಮಾತ್ರ ದೋಷ.

2. ಸದ್ದಿನ ಪರೀಕ್ಷೆ. ಕಲ್ಲನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಮೊಳೆಯಿಂದ ತಟ್ಟಿ. ಗಡಿಗೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಹಾಗೆಯೇ. ಸ್ವರ ಸ್ಪಷ್ಟವಾಗಿದ್ದರೆ ಕಲ್ಲು ಇಡಿಯಾಗಿದೆ. ಒಡಕು ಸ್ವರ ಬಂದರೆ ಒಳಗೆ ಸೀಳಿದೆ.

3. ಉಗುರಿನ ಪರೀಕ್ಷೆ. ಹೆಬ್ಬೆರಳಿನ ಉಗುರನ್ನು ಕಲ್ಲಿನ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಎಲ್ಲ ಕಡೆ ಒಂದೇ ಸಮನಾಗಿ ಉಗುರನ್ನು ಹಿಡಿಯಬೇಕು. ಒಂದು ಕಡೆ ಹಿಡಿದು ಒಂದು ಕಡೆ ಜಾರಿದರೆ ಹರಳು ಸಮವಿಲ್ಲ. ಎಲ್ಲೂ ಹಿಡಿಯದಿದ್ದರೆ ಅದು ಬಹಳ ನಯವಾದ ಕಲ್ಲು, ಇಲ್ಲವೇ ಕೆಲಸಕ್ಕೆ ಬಾರದ ಕಲ್ಲು. ಮುಂದಿನ ಪರೀಕ್ಷೆಗಳು ಅದನ್ನು ಹೇಳುತ್ತವೆ.

4. ಮೊಳೆಯ ಪರೀಕ್ಷೆ. ಕಲ್ಲಿನ ಒಂದು ಮೂಲೆಯಲ್ಲಿ ಮೊಳೆಯಿಂದ ಗೀರಿ. ಬಿಳಿಯ ಪುಡಿ ಎದ್ದು ಗೆರೆ ಕೊರೆದರೆ ಕಲ್ಲು ಮೃದು, ಬಿಡಿ. ಮೊಳೆಯ ಲೋಹವೇ ಬೂದು ಗೆರೆಯಾಗಿ ಕಲ್ಲಿಗೆ ಹತ್ತಿದರೆ ಹರಳು ಗಟ್ಟಿ. ಒಂದೆರಡು ಹರಳು ಬಿಡಿಬಿಡಿಯಾಗಿ ಉದುರಿದರೆ ಚಿಂತೆಯಿಲ್ಲ. ಗಟ್ಟೆಯಾಗಿ ಕಿತ್ತು ಬಂದರೆ ಅಂಟು ಸಡಿಲ.

5. ನಿಂಬೆಯ ಪರೀಕ್ಷೆ. ಮೊಳೆಯಿಂದ ಗೀರಿದಾಗ ಎದ್ದ ಪುಡಿಯ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ ಎಂದು ತಿಳಿಯಿರಿ.

6. ನೀರಿನ ಪರೀಕ್ಷೆ. ಕಲ್ಲಿನ ಮೇಲೆ ಹತ್ತು ಹನಿ ನೀರು ಬಿಡಿ. ಕೂಡಲೆ ಹೀರಿಕೊಂಡರೆ ಸಂದುಗಳು ಹೆಚ್ಚು, ಕಲ್ಲು ಒರಟು ಕೆಲಸಕ್ಕೆ. ನೀರು ಹಾಗೇ ನಿಂತರೆ ಕಲ್ಲು ಬಿಗಿ, ನಯದ ಕೆಲಸಕ್ಕೆ ಪರೀಕ್ಷಿಸಬಹುದು. ಸಾಧ್ಯವಿದ್ದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬೆಳಿಗ್ಗೆ ತಿಕ್ಕಿ ನೋಡಿ. ಕೆಸರಾಗಿ ಬಿಟ್ಟುಕೊಂಡರೆ ಅಂಟು ಬರೀ ಜೇಡಿಮಣ್ಣು, ಅಂಥದು ಒಂದು ಸುಗ್ಗಿಯೂ ಬಾಳದು.

7. ಅಲಗಿನ ಪರೀಕ್ಷೆ. ಇದೇ ಕೊನೆಯ ಮತ್ತು ನಿಜವಾದ ಪರೀಕ್ಷೆ. ತೋಯಿಸಿದ ಕಲ್ಲಿನ ಮೇಲೆ ಹಳೆಯ ಚಾಕುವನ್ನು ಇಪ್ಪತ್ತು ಸಲ ಎಳೆಯಿರಿ. ನೀರು ಬೂದು ಕಪ್ಪಾದರೆ ಉಕ್ಕು ಸವೆಯುತ್ತಿದೆ. ಬರೀ ಕಲ್ಲಿನ ಬಣ್ಣವೇ ಬಂದರೆ ಕಲ್ಲು ಮಾತ್ರ ಸವೆಯುತ್ತಿದೆ. ಏನೂ ಬಣ್ಣ ಬರದಿದ್ದರೆ ಎರಡೂ ಸವೆಯುತ್ತಿಲ್ಲ. ಆಮೇಲೆ ಅಲಗನ್ನು ಒರೆಸಿ ನೋಡಿ. ಗೆರೆಗಳೆಲ್ಲ ಒಂದೇ ಸಮ ಇದ್ದರೆ ಉತ್ತಮ. ನಡುವೆ ಒಂದು ಆಳವಾದ ಗೀರು ಇದ್ದರೆ ಕಲ್ಲಿನಲ್ಲೆಲ್ಲೋ ಒಂದು ದೊಡ್ಡ ಹರಳು ಅಡಗಿದೆ.

ಅಂಗಡಿಯವರು ಏಳನೆಯ ಪರೀಕ್ಷೆಗೆ ಒಪ್ಪದಿದ್ದರೆ ಆ ಕಲ್ಲನ್ನು ಅಲ್ಲಿಯೇ ಬಿಟ್ಟು ಬನ್ನಿ.

ಯಾವ ಕೆಲಸಕ್ಕೆ ಯಾವ ಕಲ್ಲು

ಒಂದೇ ಕಲ್ಲು ಎಲ್ಲ ಕೆಲಸಕ್ಕೂ ಆಗದು. ಮನೆಗೆ ಎರಡು ಕಲ್ಲು ಇದ್ದರೆ ಸಾಕು. ಒಂದು ತರಿ, ಒಂದು ನಯ.

ಕೊಡಲಿ, ಕುರ್ಪಿ, ಬಹಳ ಮೊಂಡಾದ ಕುಡಗೋಲುಗಳಿಗೆ ತರಿ ಕಲ್ಲು. ಹರಳು ಕಣ್ಣಿಗೆ ಕಾಣುವಷ್ಟಿದ್ದರೂ ಸರಿ, ಆದರೆ ಸಮ ಇರಬೇಕು. ಚಾಕು, ಈಳಿಗೆ, ಗಿಡಕ್ಕೆ ಕಸಿ ಕಟ್ಟುವ ಚಾಕು ಇವುಗಳಿಗೆ ತರಿ ಕಲ್ಲಿನ ನಂತರ ನಯದ ಕಲ್ಲು ಬೇಕು. ಕಸಿ ಕಟ್ಟುವ ಚಾಕು ಹರಿತವಿಲ್ಲದಿದ್ದರೆ ಕೊಯ್ದ ಮುಖ ಜಜ್ಜಿ ಕಸಿ ಹತ್ತುವುದಿಲ್ಲ. ಕಿನ್ನಾಳದಲ್ಲಿ ಮರದ ಗೊಂಬೆ ಕೆತ್ತುವವರ ಉಳಿಗೂ ಇಂಥದೇ ಹರಿತ ಬೇಕು. ನಯದ ಕಲ್ಲಿನ ಹರಳು ಬರಿಗಣ್ಣಿಗೆ ಕಾಣಬಾರದು.

ಆಕಾರವೂ ಮುಖ್ಯ. ಚಾಕುವಿಗೆ ಎಂಟು ಅಂಗುಲ ಉದ್ದ, ಎರಡು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಸಮತಟ್ಟಾದ ಕಲ್ಲು ಅನುಕೂಲ. ಕುಡಗೋಲಿನ ಬಾಯಿ ಒಳಬಾಗಿರುವುದರಿಂದ ಅಗಲವಾದ ಚಪ್ಪಟೆ ಕಲ್ಲು ಅದರ ನಡುಭಾಗಕ್ಕೆ ತಾಗುವುದಿಲ್ಲ. ನಡು ದಪ್ಪವಾಗಿ ತುದಿ ಸಣ್ಣಗಿರುವ, ಅಂಚು ಉರುಟಾದ, ಗೇಣುದ್ದದ ಕಲ್ಲು ಬೇಕು. ಅದನ್ನು ಬಟ್ಟೆಯಲ್ಲಿ ಸುತ್ತಿ ಬುತ್ತಿಯೊಂದಿಗೆ ಹೊಲಕ್ಕೆ ಒಯ್ಯಬಹುದು.

ಬೇರೆ ದೇಶಗಳಲ್ಲೂ ಒಳ್ಳೆಯ ಕಲ್ಲನ್ನು ಹೀಗೆಯೇ ಆರಿಸಿ ತೆಗೆಯುತ್ತಾರೆ. ಬೆಲ್ಜಿಯಂ ದೇಶದ ಹಳದಿ ಸಾಣೆಕಲ್ಲಿನಲ್ಲಿ ಬೆಣಚಿನ ಬದಲು ಗಾರ್ನೆಟ್ ಎಂಬ ಬಹಳ ಸಣ್ಣ ಹರಳು ಕೆಲಸ ಮಾಡುತ್ತದೆ. ಅಮೆರಿಕದ ಆರ್ಕನ್ಸಾ ಪ್ರಾಂತದ ಕಲ್ಲು ಬೆಣಚಿನದೇ, ಆದರೆ ಅತಿ ಸೂಕ್ಷ್ಮ. ಜಪಾನಿನ ಕ್ಯೋಟೋ ಸೀಮೆಯ ಕಲ್ಲುಗಳನ್ನು ಬಡಗಿಗಳು ಬಹಳ ಬೆಲೆ ಕೊಟ್ಟು ಕೊಳ್ಳುತ್ತಾರೆ. ಅಲ್ಲಿಯೂ ಸಮ ಹರಳು, ಹದವಾದ ಅಂಟು ಇವನ್ನೇ ನೋಡುತ್ತಾರೆ.

ಒಳ್ಳೆಯ ನಿಸರ್ಗದ ಕಲ್ಲು ಸಿಗದಿದ್ದರೆ ಕಾರ್ಬೊರಂಡಂ ಕಲ್ಲು ಕೊಳ್ಳಬಹುದು. ಮರಳು ಮತ್ತು ಇದ್ದಿಲಿನಂಥ ಕಾರ್ಬನ್ನನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಮಾಡುವ ಈ ಗಟ್ಟಿ ವಸ್ತುವನ್ನು ಅಮೆರಿಕದ ಆಚೆಸನ್ 1891ರಲ್ಲಿ ಕಂಡುಹಿಡಿದರು. ಒಂದು ಮಗ್ಗುಲು ತರಿ, ಇನ್ನೊಂದು ಮಗ್ಗುಲು ನಯ ಇರುವ ಇಂಥ ಕಲ್ಲುಗಳು ಕಬ್ಬಿಣದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಕೆಟ್ಟ ನಿಸರ್ಗದ ಕಲ್ಲಿಗಿಂತ ಇದು ಎಷ್ಟೋ ಮೇಲು.

ಮಸೆಯುವ ಕ್ರಮ

ಕಲ್ಲು ಎಷ್ಟೇ ಒಳ್ಳೆಯದಿರಲಿ, ಮಸೆಯುವುದನ್ನು ಅರಿಯದಿದ್ದರೆ ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆದೀತು.

ಕಲ್ಲು ಅಲುಗದಂತೆ ಒದ್ದೆ ಗೋಣಿಯ ಮೇಲಿಡಿ. ನೀರು ಚಿಮುಕಿಸಿ. ಚಾಕುವನ್ನು ಅಡ್ಡ ಮಲಗಿಸಿ, ಅದರ ಬೆನ್ನನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಒಂದು ಅಂಗುಲ ಅಗಲದ ಅಲಗಾದರೆ ಬೆನ್ನು ಕಲ್ಲಿನಿಂದ ಅಂಗುಲದ ಮೂರರಲ್ಲಿ ಒಂದು ಪಾಲು ಎತ್ತರವಿರಲಿ. ಕೊಡಲಿಗೆ ಇನ್ನೂ ಸ್ವಲ್ಪ ಹೆಚ್ಚು ಎತ್ತಬೇಕು. ಮೊದಲಿನಿಂದ ಕೊನೆಯ ತನಕ ಈ ಎತ್ತರ ಬದಲಾಗಬಾರದು. ಒಂದು ಮಗ್ಗುಲು ತಿಕ್ಕುತ್ತ ಹೋದಂತೆ ಉಕ್ಕಿನ ತೆಳುವಾದ ಅಂಚು ಇನ್ನೊಂದು ಮಗ್ಗುಲಿಗೆ ಮಗುಚಿ ನಿಲ್ಲುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸರಿಸಿದರೆ ಅದು ತಡೆಯುತ್ತದೆ. ಬಾಯಿಯ ಗುಂಟ ಬೆರಳು ಎಳೆಯಬೇಡಿ. ಆ ಅಂಚು ಬುಡದಿಂದ ತುದಿಯ ವರೆಗೆ ಬಂದ ಮೇಲೆ ಮಗ್ಗುಲು ಬದಲಿಸಿ. ಕೊನೆಗೆ ನಯದ ಕಲ್ಲಿನ ಮೇಲೆ ಒತ್ತಡ ಕಡಿಮೆ ಮಾಡುತ್ತ ಎರಡೂ ಮಗ್ಗುಲು ಒಂದೊಂದು ಸಲ ಎಳೆದರೆ ಆ ಅಂಚು ಹೋಗಿ ನಿಜವಾದ ಹರಿತ ಉಳಿಯುತ್ತದೆ.

ಕುಡಗೋಲನ್ನು ಮೊಳಕಾಲ ಹತ್ತಿರ ಬಿಗಿಯಾಗಿ ಹಿಡಿದು, ಕಲ್ಲನ್ನೇ ಅದರ ಬಾಯಿಯ ಮೇಲೆ ಆಡಿಸಬೇಕು. ಒಂದು ಮಗ್ಗುಲಿಗೆ ಮಾತ್ರ ಇಳಿಜಾರು ಇರುವ ಕುಡಗೋಲಾದರೆ ಆ ಮಗ್ಗುಲನ್ನೇ ಮಸೆದು, ಇನ್ನೊಂದಕ್ಕೆ ಕಲ್ಲನ್ನು ಚಪ್ಪಟೆಯಾಗಿ ಒಂದೆರಡು ಸಲ ಮಾತ್ರ ಸವರಿ. ಹಲ್ಲಿನ ಕುಡಗೋಲಿನ ಹಲ್ಲಿಗೆ ಸಾಣೆಕಲ್ಲು ತಾಗಿಸಲೇಬಾರದು, ಹಲ್ಲು ಸವೆದು ಹೋಗುತ್ತದೆ. ಬಾಯಿ ಬಹಳ ದಪ್ಪವಾಗಿದ್ದರೆ ಅದು ಕಲ್ಲಿನ ಕೆಲಸವಲ್ಲ. ಕಂಬಾರರ ಕುಲುಮೆಗೆ ಕೊಟ್ಟು ಹಣಿಸಿಕೊಂಡು ಬನ್ನಿ.

ಕಲ್ಲಿನ ಆರೈಕೆ

ನಡುವೆಯೇ ಮಸೆಯುವುದರಿಂದ ಕಲ್ಲು ತಗ್ಗಾಗುತ್ತದೆ. ತಗ್ಗಾದ ಕಲ್ಲಿನಲ್ಲಿ ಅಲಗಿನ ಎತ್ತರ ನಿಲ್ಲುವುದಿಲ್ಲ. ಹಾಗೆಂದು ಅದನ್ನು ಬಿಸಾಡಬೇಕಿಲ್ಲ. ಸಮತಟ್ಟಾದ ಚಪ್ಪಡಿಯ ಮೇಲೆ ಸಣ್ಣ ಮರಳು, ನೀರು ಹಾಕಿ ಕಲ್ಲನ್ನು ಬೋರಲು ಮಾಡಿ ಸುತ್ತು ಸುತ್ತಾಗಿ ತಿಕ್ಕಿದರೆ ಮತ್ತೆ ಸಮವಾಗುತ್ತದೆ, ಮೈಯೂ ಹೊಸದಾಗುತ್ತದೆ. ಸಾಣೆಗೆ ಬಾರದ ಶಹಾಬಾದ್ ಕಲ್ಲು ಈ ಕೆಲಸಕ್ಕೆ ಬರುತ್ತದೆ. ನಾನು ತಂದ ಅಮೃತಶಿಲೆಯನ್ನು ಆ ತಾಯಿ ಇದಕ್ಕೇ ಇಟ್ಟುಕೊಂಡಿದ್ದಾರೆ.

ನೀರಿನಲ್ಲಿ ಬಳಸುವ ಕಲ್ಲಿಗೆ ಎಣ್ಣೆ ಹಾಕಬೇಡಿ. ಎಣ್ಣೆ ಸಂದುಗಳಲ್ಲಿ ಕೂತು ಧೂಳು ಹಿಡಿದು ಕಲ್ಲನ್ನು ಜಾರುವಂತೆ ಮಾಡುತ್ತದೆ. ಮಸೆದ ಮೇಲೆ ತೊಳೆದು ನೆರಳಿನಲ್ಲಿ ಒಣಗಿಸಿ.

ಮೂರು ಎಚ್ಚರಿಕೆಗಳು

ಮೊದಲನೆಯದು, ಯಾವಾಗಲೂ ನೀರು ಹಾಕಿಯೇ ಮಸೆಯಿರಿ. ಬೆಣಚಿನ ಸಣ್ಣ ಧೂಳು ಉಸಿರಿನಲ್ಲಿ ಹೋಗಿ ಪುಪ್ಪುಸದಲ್ಲಿ ಕೂತರೆ ಮತ್ತೆ ಹೊರಗೆ ಬಾರದು. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮರಳುಗಲ್ಲಿನ ಚಕ್ರಗಳ ಮೇಲೆ ಒಣಗಿಸಿಯೇ ಸಾಣೆ ಹಿಡಿಯುತ್ತಿದ್ದ ಕೆಲಸಗಾರರು ಈ ರೋಗದಿಂದ ಚಿಕ್ಕ ವಯಸ್ಸಿಗೇ ಸತ್ತರು. ವಿದ್ಯುತ್ ಚಕ್ರಕ್ಕೆ ಹಿಡಿದ ಅಲಗು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಿರಿ.

ಎರಡನೆಯದು, ಗುಡಿಯ ಕಂಬ, ವೀರಗಲ್ಲು, ಶಾಸನದ ಬಂಡೆಗಳಿಗೆ ಅಲಗು ಹಚ್ಚಬೇಡಿ, ಅಲ್ಲಿಂದ ಚಕ್ಕೆಯನ್ನೂ ಎಬ್ಬಿಸಬೇಡಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನಲ್ಲಿ ಕಬ್ಬಿಣ ಯುಗದ ಕಲ್ಲುಮನೆಗಳಿವೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಜನ ಕರಿಕಲ್ಲಿನ ಕೊಡಲಿಗಳನ್ನು ಬಂಡೆಗೆ ತಿಕ್ಕಿ ಹರಿತ ಮಾಡಿದ ತಗ್ಗುಗಳು ಇಂದಿಗೂ ಇವೆ. ಅವು ನಮ್ಮ ಹಿರಿಯರ ಸಾಣೆಕಲ್ಲುಗಳು. ನೋಡಿ ಬನ್ನಿ, ಮುಟ್ಟಿ ಕೆಡಿಸಬೇಡಿ.

ಮೂರನೆಯದು, ಕೈ ಕೊಯ್ದರೆ ಮಣ್ಣು, ಸಗಣಿ, ಬೂದಿ ಹಚ್ಚಬೇಡಿ. ಶುದ್ಧ ನೀರಿನಿಂದ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದು, ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ.

ಕೊನೆಯ ಮಾತು

ಬಾಂಧವರೇ, ಇಷ್ಟನ್ನು ನೆನಪಿನಲ್ಲಿಡಿ. ಬಣ್ಣ ನೋಡಿ ಕಲ್ಲು ಕೊಳ್ಳಬೇಡಿ. ಹರಳು ಗಟ್ಟಿ, ಸಮ, ಅಂಟು ಹದ ಇರಲಿ. ತೋಯಿಸಿ ನೋಡಿ, ತಟ್ಟಿ ಕೇಳಿ, ಗೀರಿ ನೋಡಿ, ಕೊನೆಗೆ ಅಲಗನ್ನು ಎಳೆದು ನೀರಿನ ಬಣ್ಣ ನೋಡಿ. ನೀರು ಕಪ್ಪಾದರೆ ಕಲ್ಲು ನಿಮ್ಮದು.

ಮುಂದಿನ ಸುಗ್ಗಿಗೆ ಹದಿನೈದು ದಿನ ಮೊದಲು, ನಿಮ್ಮ ನಿಮ್ಮ ಊರಿನ ಕಟ್ಟೆಯ ಮೇಲೆ ಒಂದು ಸಂಜೆ ಸೇರೋಣ. ಮನೆಯಲ್ಲಿರುವ ಸಾಣೆಕಲ್ಲುಗಳನ್ನೆಲ್ಲ ತನ್ನಿ, ಒಡೆದದ್ದು, ತಗ್ಗಾದದ್ದು ಇದ್ದರೂ ತನ್ನಿ. ಒಂದೊಂದನ್ನೂ ಪರೀಕ್ಷಿಸಿ, ತಗ್ಗಾದದ್ದನ್ನು ಸಮ ಮಾಡೋಣ. ಹಿರಿಯ ತಾಯಂದಿರು ತಪ್ಪದೆ ಬರಬೇಕು. ಮಸೆಯುವುದನ್ನು ತೋರಿಸಬೇಕಾದವರು ಅವರೇ. ನಾನು ನೀರು ಹಾಕುವ ಕೆಲಸ ಮಾಡುತ್ತೇನೆ.